ಬೊಳ್ಳಿಮಾಡಿನ ಕಲ್ಲುಗಾಲು

ಶ್ರೀಮಂಗಲದಿಂದ ಆಚೆ ಬೊಳ್ಳಿಮಾಡು ಎಂಬ ಊರಿನಲ್ಲಿ ಬ್ರಿಟಿಷ್ ಸರ್ಕಾರ ಕೈಹಾಕಲಾಗದ ಆಸ್ತಿ ಎಂದರೆ ಎರಡೇ: ಭಗವತಿಯ ದೇವರಕಾಡು, ಮತ್ತು ನಾಣಯ್ಯನವರ ಮೊಣಕಾಲಿನಿಂದ ಕೆಳಗಿನ ಭಾಗ. ದೇವರಕಾಡಿನ ಗಡಿಯ ಬಗ್ಗೆಯಾದರೂ ಅರಣ್ಯ ಇಲಾಖೆಯವರು ಆಗಾಗ ತಕರಾರು ತೆಗೆಯುತ್ತಿದ್ದರು. ನಾಣಯ್ಯನವರ ಕಾಲಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ಅದು ಊರಿನ ಕಾಲು. ಅದನ್ನು ಹೊತ್ತು ತಿರುಗುವ ಕೆಲಸ ಮಾತ್ರ ನಾಣಯ್ಯನವರದು.

ಆ ಕಾಲಿಗೆ ಕೀರ್ತಿ ಬಂದದ್ದು ಪರಿಯಕಳಿ ಎಂಬ ಆಟದಿಂದ. ಹುತ್ತರಿ ಹಬ್ಬ ಮುಗಿದ ಮೇಲೆ ಊರಿನವರೆಲ್ಲ ಮಂದ್ ಎನ್ನುವ ಹುಲ್ಲುಬಯಲಿನಲ್ಲಿ ಸೇರುತ್ತಾರೆ. ಕೋಲಾಟ ಆಗುತ್ತದೆ. ಆಮೇಲೆ ಇಬ್ಬಿಬ್ಬರು ಗಂಡಸರು ಗುರಾಣಿ ಹಿಡಿದು, ಬೆತ್ತ ಹಿಡಿದು ಎದುರುಬದುರು ನಿಲ್ಲುತ್ತಾರೆ. ಮೊಣಕಾಲಿನ ಕೆಳಗೆ ಎಷ್ಟು ಬೇಕಾದರೂ ಹೊಡೆಯಬಹುದು, ಮೇಲೆ ಒಂದೇಟೂ ತಾಗಬಾರದು. ಹೊಡೆತ ಬಿದ್ದಾಗ ಯಾರು ಕಾಲೆತ್ತಿ ಕುಣಿಯುತ್ತಾರೋ ಅವರು ಸೋತಂತೆ. ಕೊನೆಗೆ ಇಬ್ಬರೂ ತಬ್ಬಿಕೊಂಡು, ಬಾಸುಂಡೆಗಳನ್ನು ಹೋಲಿಸಿ ನೋಡಿಕೊಂಡು, ಊಟಕ್ಕೆ ಹೋಗುತ್ತಾರೆ.

ಪ್ರಾಯದಲ್ಲಿ ನಾಣಯ್ಯನವರು ಈ ಆಟದಲ್ಲಿ ಯಾವ ಹೆಸರನ್ನೂ ಮಾಡಿರಲಿಲ್ಲ. ನಿಜ ಹೇಳಬೇಕೆಂದರೆ, ಎದುರಿನವನ ಬೆತ್ತ ಇನ್ನೂ ಗಾಳಿಯಲ್ಲಿರುವಾಗಲೇ ಇವರ ಕಾಲು ಗಾಳಿಗೆ ಏರುತ್ತಿತ್ತು. ಕೂದಲು ನರೆತ ಮೇಲೆ ಒಂದು ವರ್ಷ ಪವಾಡ ನಡೆಯಿತು. ಪಕ್ಕದೂರಿನ ಕುಟ್ಟಪ್ಪ, ಮೆಸೊಪೊಟೇಮಿಯಾದ ಯುದ್ಧಕ್ಕೆ ಹೋಗಿ ಬಂದ ದೈತ್ಯ, ಎತ್ತಿನ ಬೆನ್ನಿಗೂ ಹಾಗೆ ಹೊಡೆಯಬಾರದು ಅನ್ನುವಂತೆ ಬೀಸಿದ. ಬೆತ್ತ ಮುರಿಯಿತು. ನಾಣಯ್ಯನವರು ಕದಲಲಿಲ್ಲ. ಮುಖವನ್ನೂ ಹಿಂಡಲಿಲ್ಲ. ಅಷ್ಟೇ ಅಲ್ಲ, ಅದೇ ಹೊತ್ತಿಗೆ ಹೆಂಗಸರ ಗುಂಪಿನ ಕಡೆ ತಿರುಗಿ, "ತಂಬುಟ್ಟು ಇನ್ನೂ ಉಂಟಾ, ಮುಗೀತಾ?" ಎಂದು ಕೇಳಿದರಂತೆ. ಅವರಿಗೆ ಸಿಹಿ ಎಂದರೆ ಪ್ರಾಣ. ಮರುಹೊಡೆತಕ್ಕೆ ಕುಟ್ಟಪ್ಪ ಕಾಲೆತ್ತಿಬಿಟ್ಟ.

ಮಂದ್ ಅಲ್ಲಾಡಿಹೋಯಿತು. ಊರಿನ ಮುಖ್ಯಸ್ಥರಾದ ಮುದಿ ತಕ್ಕರು ಎದ್ದು ನಿಂತು ಘೋಷಿಸಿದರು: "ಇದು ಮನುಷ್ಯನ ಕಾಲಲ್ಲ. ಒಕ್ಕದ ಗುರುಕಾರೋಣ ಇವನ ಕಾಲಿಗೆ ಇಳಿದಿದ್ದಾನೆ!"

ಗುರುಕಾರೋಣ ಎಂದರೆ ಒಕ್ಕದ, ಅಂದರೆ ಮನೆತನದ, ಮೂಲಪುರುಷ. ಕತ್ತಿ ಹಿಡಿದು ರಾಜನ ಪಕ್ಕದಲ್ಲಿ ನಿಂತವನು. ಅಂಥವನು ಇಳಿದು ಬರುವುದಾದರೆ ತಲೆಗೋ ತೋಳಿಗೋ ಬರದೆ ಮೀನಖಂಡಕ್ಕೇ ಯಾಕೆ ಬಂದ ಎಂದು ಯಾರೂ ಕೇಳಲಿಲ್ಲ. ನಾಣಯ್ಯನವರಂತೂ ಕೇಳಲೇ ಇಲ್ಲ. ಅವರಿಗೆ ಆ ಹೊತ್ತಿಗಾಗಲೇ ಪಾದದಲ್ಲಿ ಒಂದು ತರಹದ ಜುಮುಜುಮು, ಹತ್ತಿಯ ಮೇಲೆ ನಡೆದ ಹಾಗೆ. ದೊಡ್ಡವರು ಬಂದು ಒಳಗೆ ಕೂತರೆ ಇನ್ನು ಹೇಗೆ ಇರುತ್ತದೆ? ಅವರು ಹಿರಿಯರ ಗುಡಿಗೆ ಹೋಗಿ ಅಡ್ಡಬಿದ್ದು ಬಂದರು. ಅಂದಿನಿಂದ ಅವರು ಕಲ್ಲುಗಾಲು ನಾಣಯ್ಯ. ವರ್ಷವರ್ಷವೂ ಬೇರೆ ಬೇರೆ ಊರಿನ ವೀರರು ಬಂದು ಆ ಕಾಲಿಗೆ ಹೊಡೆದು, ಸೋತು, ಕುಂಟುತ್ತ ಹೋದರು.

ಪತ್ನಿ ಬೊಳ್ಳವ್ವನವರಿಗೆ ಮಾತ್ರ ಗುರುಕಾರೋಣನ ನಡತೆ ಸರಿಕಾಣಲಿಲ್ಲ. ಈ ಮೂಲಪುರುಷ ಕೊಡಗಟ್ಟಲೆ ನೀರು ಕುಡಿಯುತ್ತಿದ್ದ. ಗಳಿಗೆಗೊಮ್ಮೆ ಬೇಲಿಯ ಕಡೆ ಎದ್ದು ಹೋಗುತ್ತಿದ್ದ, ಹೋಗಿ ಬಂದ ಜಾಗಕ್ಕೆ ಇರುವೆಗಳು ಮುತ್ತುತ್ತಿದ್ದವು. ಒಮ್ಮೆ ಸಂತೆಯಿಂದ ಬರುವಾಗ ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಕಳಚಿಹೋಗಿತ್ತು. ಮನೆಯ ಮೆಟ್ಟಿಲಲ್ಲಿ ಬೊಳ್ಳವ್ವ ಹೇಳುವವರೆಗೆ ನಾಣಯ್ಯನವರಿಗೆ ತಿಳಿಯಲೇ ಇಲ್ಲ. ಇನ್ನೊಂದು ದಿನ ಒಲೆಯ ಹತ್ತಿರ ಕಾಲು ಚಾಚಿ ಕೂತಿದ್ದವರು ಮೂಗು ಅರಳಿಸಿದರು.

"ಬೊಳ್ಳೂ, ಎಂತ ಸುಡ್ತಾ ಉಂಟು? ಹಂದಿಯಾ?"

"ಹಂದಿ ಅಲ್ಲ, ನಿಮ್ಮ ಹೆಬ್ಬೆರಳು!" ಎಂದು ಬೊಳ್ಳವ್ವ ಕೂಗಿ, ಕೈಗೆ ಸಿಕ್ಕ ಮಜ್ಜಿಗೆಯನ್ನೇ ಕಾಲಿಗೆ ಸುರಿದರು.

ನಾಣಯ್ಯನವರು ಸುಟ್ಟ ಬೆರಳನ್ನು ಹೆಮ್ಮೆಯಿಂದ ನೋಡಿಕೊಂಡರು. "ನೋಡಿದ್ಯಾ? ಬೆಂಕಿಯೂ ಎಂತ ಮಾಡ್ಲಿಕ್ಕಿಲ್ಲ."

"ಹೌದೌದು. ಬೆಂದದ್ದು ಮಾತ್ರ ಬೆಂದಿದೆ," ಎಂದರು ಬೊಳ್ಳವ್ವ.

ಆಮೇಲೆ ಬೀಳುವುದು ಶುರುವಾಯಿತು.

ವೀರರು ಸುಮ್ಮನೆ ಬೀಳುವುದಿಲ್ಲ. ಅವರನ್ನು ಯಾರಾದರೂ ಬೀಳಿಸಬೇಕು. ಹಾಗಾಗಿ ನಾಣಯ್ಯನವರಿಗೆ ಶತ್ರುಗಳು ಹುಟ್ಟಿಕೊಂಡರು. ಅಂಗಳದಲ್ಲಿ ಬಿದ್ದದ್ದಕ್ಕೆ ಪಾಚಿ ಕಾರಣ. ಕಾಫಿ ಕಣದಲ್ಲಿ ಬಿದ್ದದ್ದಕ್ಕೆ ನಾಯಿ. ಹಿತ್ತಿಲಲ್ಲಿ ಬಿದ್ದದ್ದಕ್ಕೆ, ಕಳೆದ ಶತಮಾನದಲ್ಲಿ ಅಲ್ಲಿ ಕಲ್ಲು ಹಾಕಿಸಿದ ಅಜ್ಜ. ಮಳೆಗಾಲದಲ್ಲಿ ಗದ್ದೆಯ ಏರಿಯಿಂದ ಜಾರಿ ಕೆಸರಿನಲ್ಲಿ ಉದ್ದಕ್ಕೆ ಮಲಗಿದ ದಿನ, ದೂಷಿಸಲು ಸುತ್ತ ಯಾರೂ ಇರಲಿಲ್ಲ. ನಾಟಿ ಕೆಲಸದ ಲಿಂಗಿ ಮಾತ್ರ ಆಚೆ ಗದ್ದೆಯಿಂದ ನೋಡಿದಳು.

"ಅಯ್ಯಾ, ಅಲ್ಲಿ ಎಂತ ಹುಡುಕ್ತಾ ಉಂಟು?"

"ಏಡಿ," ಎಂದರು ನಾಣಯ್ಯನವರು, ಕೆಸರಿನೊಳಗಿನಿಂದಲೇ.

"ಏಡಿ ಮಲಗಿಕೊಂಡು ಹಿಡಿಯೋದಾ?"

"ನಮ್ಮ ಒಕ್ಕದಲ್ಲಿ ಹಾಗೇ ಹಿಡಿಯೋದು."

"ಹಾಗಾದ್ರೆ ನಾನೂ ಬಂದು ಮಲಗ್ಲಾ? ಬೇಗ ಸಿಗ್ತದೆ," ಎಂದು ನಕ್ಕು, ಹತ್ತಿರ ಬಂದು ಮುಖ ನೋಡಿದವಳು ನಗು ನಿಲ್ಲಿಸಿದಳು. ಗುದ್ದಲಿಯ ಕಾವು ಚಾಚಿದಳು. ಅದನ್ನು ಹಿಡಿದು ಎದ್ದ ಮೇಲೆ ನಾಣಯ್ಯನವರು ಭಗವತಿಯ ಹೆಸರಿನಲ್ಲಿ ಅವಳಿಂದ ಆಣೆ ಹಾಕಿಸಿಕೊಂಡರು, ಯಾರಿಗೂ ಹೇಳಬಾರದೆಂದು. ಲಿಂಗಿ ಹೇಳಲಿಲ್ಲ. ಏಡಿಯ ವಿಚಾರ ಮಾತ್ರ ಊರಿಗೆಲ್ಲ ಹೇಳಿದಳು.

ಆ ದಿನದಿಂದ ನಾಣಯ್ಯನವರ ಊರು ಸಣ್ಣದಾಗುತ್ತ ಬಂತು. ಮೊದಲು ಹೋದದ್ದು ಗದ್ದೆಯ ಏರಿ. ಆಮೇಲೆ ತೋಡು ದಾಟುವ ಪಾಲ, ಅಂದರೆ ಮರದ ಕಿರುಸೇತುವೆ. ಪಾಲ ಹೋದದ್ದರಿಂದ ಅದರಾಚೆಯ ತಂಗಿಯ ಮನೆಯೂ ಹೋಯಿತು. ಆಮೇಲೆ ಸಂತೆ, ಮದುವೆ ಮನೆ, ಸಾವಿನ ಮನೆ. ಕರೆ ಬಂದಾಗಲೆಲ್ಲ ಅವರಿಗೆ ಏನಾದರೊಂದು ಕೆಲಸ ಇರುತ್ತಿತ್ತು. ನಡೆಯುವಾಗ ತಲೆ ಬಗ್ಗಿಸಿ, ಪ್ರತಿ ಹೆಜ್ಜೆ ಬೀಳುವ ಜಾಗವನ್ನು ನೋಡಿಕೊಂಡು ನಡೆಯುತ್ತಿದ್ದರು. ದೂರದಿಂದ ನೋಡಿದವರು, "ಏನು ಗಾಂಭೀರ್ಯ! ಗುರುಕಾರೋಣನೇ ನಡೆದು ಬಂದ ಹಾಗೆ," ಎನ್ನುತ್ತಿದ್ದರು. ಗುರುಕಾರೋಣ ಒಳಗೊಳಗೇ ಬೆವರುತ್ತಿದ್ದ. ಕೂತಲ್ಲಿಂದ ಏಳುವ ಮುಂಚೆ ಅವರು ಕೈಗೆ ಸಿಗುವ ಕಂಬ ಯಾವುದು, ಬಾಗಿಲು ಯಾವುದು ಎಂದು ನೋಡಿಕೊಳ್ಳುತ್ತಿದ್ದರು. ಹುಲಿ ಬಂದಿದೆ ಎಂದರೆ ಕೋವಿ ಹಿಡಿದು ಮುಂದೆ ಹೋಗುತ್ತಿದ್ದ ಮನುಷ್ಯ ಈಗ ಅಡಿಗೆಮನೆಯ ಹೊಸಿಲಿಗೆ ಹೆದರುತ್ತಿದ್ದರು. ಅದನ್ನು ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಬೀಳುತ್ತೇನೇನೋ ಎಂಬ ಹೆದರಿಕೆಗೆ ಹೆಸರೇ ಇಲ್ಲದ ಮನೆತನದಲ್ಲಿ ಅವರು ಹುಟ್ಟಿದ್ದರು.

ಹುತ್ತರಿ ಹತ್ತಿರ ಬಂದಾಗ ಬೊಳ್ಳವ್ವ ಒಂದು ಸಂಚು ಹೂಡಿದರು. ತಮಗೇ ಎದೆನೋವು ಎಂದು ಹಾಸಿಗೆ ಹಿಡಿದರು. ಗಾಡಿ ಕಟ್ಟಿಸಿ ನಾಣಯ್ಯನವರು ಹೆಂಡತಿಯನ್ನು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರ್ ಸೀತಾರಾಮಯ್ಯನವರ ಮುಂದೆ ರೋಗಿ ಗಟ್ಟಿಮುಟ್ಟಾಗಿ ಎದ್ದು ನಿಂತು, "ನನಗೆ ಎಂತದೂ ಇಲ್ಲ. ಇವರನ್ನ ನೋಡಿ," ಎಂದರು.

ಡಾಕ್ಟರು ನಾಣಯ್ಯನವರ ಮೂತ್ರವನ್ನು ನೀಲಿ ಬಣ್ಣದ ಮದ್ದಿಗೆ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಆಮೇಲೆ ಅಂಗಾಲು ತಿರುಗಿಸಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ತೂತು. ಚಿಮಟ ಹಾಕಿ ಎಳೆದಾಗ ಬಿದಿರಿನ ಮುಳ್ಳು ಬಂತು, ಅದರ ಹಿಂದೆ ಕೀವು.

"ಇದು ಯಾವಾಗ ಚುಚ್ಚಿದ್ದು?"

"ಯಾವುದು?" ಎಂದರು ನಾಣಯ್ಯನವರು.

ಡಾಕ್ಟರು ಕೈ ತೊಳೆದುಕೊಂಡು ಬಂದರು. "ಎದ್ದು ನಿಂತು ಪಾದ ಎರಡೂ ಜೋಡಿಸಿ. ಈಗ ಕಣ್ಣು ಮುಚ್ಚಿ."

ಕಣ್ಣು ಮುಚ್ಚಿದ್ದೇ ತಡ, ಬೊಳ್ಳಿಮಾಡಿನ ಕಲ್ಲುಗಾಲು ಕಡಿದ ಬಾಳೆಗಿಡದ ಹಾಗೆ ವಾಲಿ, ಸಣಕಲು ಕಾಂಪೌಂಡರನ ತೋಳಿಗೆ ಬಂದು ಬಿತ್ತು. ಕಾಂಪೌಂಡರ್ "ಅಮ್ಮಾ" ಎಂದ.

"ನಿಮ್ಮ ಕಂಪೋಂಡರ್ ದೂಡಿದ," ಎಂದರು ನಾಣಯ್ಯನವರು.

"ಯಾರೂ ದೂಡಲಿಲ್ಲ ನಾಣಯ್ಯನವರೇ. ನಿಮಗೆ ಸಿಹಿಮೂತ್ರದ ರೋಗ. ಅದು ಕಾಲಿನ ನರವನ್ನು ತಿಂದುಹಾಕಿದೆ. ನೆಲ ಎಲ್ಲಿದೆ, ಹೇಗಿದೆ ಅಂತ ಕಾಲು ನಿಮಗೆ ತಿಳಿಸುತ್ತಾ ಇಲ್ಲ. ನೀವು ಕಣ್ಣಿನಿಂದ ನಡೀತಾ ಇದ್ದೀರಿ. ಬೆತ್ತದ ಏಟು ಗೊತ್ತಾಗದೆ ಇರೋದೂ ಅದಕ್ಕೇ."

ಬೊಳ್ಳವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ನಾಣಯ್ಯನವರು ಮೀಸೆ ತಿರುವಿದರು.

"ನಮ್ಮ ಗುರುಕಾರೋಣನನ್ನ ನೀವು ಬಾಟಲಿಯಲ್ಲಿ ಹಾಕಿ ಕುದಿಸಿ ನೋಡಿದಿರಿ. ಅಷ್ಟೇ."

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಅವರು ಗಾಯ ಕಟ್ಟುತ್ತ ಮೆಲ್ಲಗೆ ಹೇಳಿದರು: "ಮಡಿಕೇರಿಯಲ್ಲಿ ಈಗ ಹೊಸ ಸೂಜಿಮದ್ದು ಸಿಗುತ್ತದೆ. ಹಬ್ಬ ಮುಗಿದ ಮೇಲಾದರೂ ಹೋಗಿ. ಆದರೆ ಈ ಹುತ್ತರಿಗೆ ಆ ಕಾಲಿಗೆ ಒಂದು ಏಟು ಬಿದ್ದರೂ ಗಾಯ ಮಾಯುವುದಿಲ್ಲ. ಆಮೇಲೆ ಕಾಲು ತೆಗೆಯಬೇಕಾಗುತ್ತದೆ. ಇಲ್ಲಿಂದ." ಅವರು ಮೊಣಕಾಲಿನ ಕೆಳಗೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು. ಪರಿಯಕಳಿಯ ಗಡಿಯೂ ಅದೇ.

ಇಬ್ಬರೂ ವಾಪಸು ಗಾಡಿ ಹತ್ತಿದರು.

"ಈ ಸಲ ಮಂದ್‌ಗೆ ಇಳಿಯೋದು ಬೇಡ," ಎಂದರು ಬೊಳ್ಳವ್ವ.

"ಇಳಿಯದಿದ್ರೆ ಯಾಕೆ ಅಂತ ಕೇಳ್ತಾರೆ."

"ಕೇಳಿದ್ರೆ ಹೇಳಿ. ಕಾಯಿಲೆ ಅಂತ."

"ಎಷ್ಟು ವರ್ಷದ್ದು ಅಂತ ಹೇಳ್ಲಿ?" ನಾಣಯ್ಯನವರು ಎತ್ತುಗಳ ಬೆನ್ನು ನೋಡುತ್ತ ಕೂತಿದ್ದರು. "ಕಾಯಿಲೆ ಅಂದ್ರೆ ಅಷ್ಟೂ ವರ್ಷದ್ದು ಕಾಯಿಲೆಯೇ ಆಯ್ತಲ್ಲ. ಹಾಗಾದ್ರೆ ನಾನು ಯಾರು?"

ಬೊಳ್ಳವ್ವ ಗಂಡನ ಮಡಿಲ ಮೇಲಿದ್ದ ಕೈಯನ್ನು ನೋಡಿದರು. ಅದು ಮಡಿಲು ಬಿಟ್ಟು ಗಾಡಿಯ ಪಕ್ಕದ ಗೂಟವನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಹೊಡೆತಕ್ಕೆ ಹೆದರಿಕೆ ಇಲ್ಲ ಬೊಳ್ಳೂ," ಎಂದರು ಅವರು, ಗಾಡಿ ಹೊಡೆಯುವವನಿಗೆ ಕೇಳದ ಹಾಗೆ. "ಅಷ್ಟು ಜನರ ಮುಂದೆ ಬಿದ್ರೆ? ಹೊಡೆಯುವ ಮುಂಚೆಯೇ ಬಿದ್ರೆ?"

ಮದುವೆಯಾದಂದಿನಿಂದ ಅವರು ಹೆದರಿಕೆ ಎಂಬ ಮಾತನ್ನು ತಮ್ಮ ಬಗ್ಗೆ ಆಡಿದ್ದು ಅದೇ ಮೊದಲು.

ಹುತ್ತರಿ ಬಂತು. ಹೊಸ ಕದಿರು ಮನೆಗೆ ಬಂತು. ಮಂದ್‌ನ ದಿನ ನಾಣಯ್ಯನವರು ಕುಪ್ಯ ತೊಟ್ಟು, ನಡುವಿಗೆ ಚೇಲೆ ಬಿಗಿದು ಹೊರಟರು. ಬೊಳ್ಳವ್ವ ಬಾಗಿಲಲ್ಲಿ ಅಡ್ಡ ನಿಂತರು, ಆಮೇಲೆ ದಾರಿ ಬಿಟ್ಟು ಹಿಂದೆಯೇ ಬಂದರು. ಬಯಲಿನ ಅಂಚಿನಲ್ಲಿ ನಾಣಯ್ಯನವರು ಕಾಲಿನ ಪಟ್ಟಿ ಬಿಚ್ಚಿ ಪೊದೆಗೆ ಎಸೆದರು. ಗಾಯ ಅಂಗಾಲಿನಲ್ಲಿತ್ತು, ನೆಲದ ಕಡೆ ಮುಖ ಮಾಡಿಕೊಂಡಿತ್ತು. ಅದನ್ನು ನೋಡಬಲ್ಲದ್ದು ಬೊಳ್ಳಿಮಾಡಿನ ಹುಲ್ಲು ಮಾತ್ರ.

ಎದುರಾಳಿಯಾಗಿ ಆ ವರ್ಷ ಬಂದವನು ಬೇರೆ ಯಾರೂ ಅಲ್ಲ, ತಂಗಿಯ ಮಗ ಮುತ್ತ. ಅವನಿಗೆ ಅದು ಮೊದಲ ಪರಿಯಕಳಿ. ಮಾವನ ಕೈಯಲ್ಲಿ ಸೋಲುವುದೇ ಒಂದು ಹೆಸರು ಎಂದು ತಾನೇ ಹಟಮಾಡಿ ಬಂದಿದ್ದ. ದುಡಿ ಬಡಿಯಿತು. ಕೊಂಬು ಊದಿದರು. ತಕ್ಕರು ವರ್ಷದ ಭಾಷಣವನ್ನು ಮುಗಿಸಿದರು: ಕಲ್ಲು, ಉಕ್ಕು, ಗುರುಕಾರೋಣ, ಎಲ್ಲವೂ ಬಂದವು. ನಾಣಯ್ಯನವರು ಬಯಲಿನ ನಡುವೆ ನಿಂತು, ದೂರದಲ್ಲಿದ್ದ ಒಂದು ಹಲಸಿನ ಮರದ ಕಾಂಡಕ್ಕೆ ದೃಷ್ಟಿ ನೆಟ್ಟರು. ನೆಟ್ಟಗಿರುವುದೊಂದನ್ನು ನೋಡುತ್ತಿದ್ದರೆ ತಾವೂ ನೆಟ್ಟಗಿರುತ್ತೇವೆ ಎಂಬ ಉಪಾಯವನ್ನು ಅವರು ಇತ್ತೀಚೆಗೆ ಕಲಿತಿದ್ದರು.

ಆಟಕ್ಕೆ ಮುಂಚೆ ಕಿರಿಯವನು ಹಿರಿಯವನ ಕಾಲು ಮುಟ್ಟಿ ನಮಸ್ಕರಿಸಬೇಕು, ಹಿರಿಯವನು ಹರಸಬೇಕು. ನಾಣಯ್ಯನವರು ಕಾದರು. ಮರ ನೋಡುತ್ತಲೇ ಕಾದರು. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಅವರಿಗೆ ರೇಗಿತು.

"ಮುತ್ತಾ!"

"ಎಂತ ಮಾವ?" ಧ್ವನಿ ಕೆಳಗಿನಿಂದ ಬಂತು.

"ಕಾಲು ಹಿಡಿಯೋದು ನಿನ್ನ ಅವ್ವ ಕಲಿಸಿಲ್ವಾ?"

ಜನ ನಕ್ಕರು. ಕಲ್ಲುಗಾಲು ತಮಾಷೆ ಮಾಡುತ್ತಿದೆ ಎಂದುಕೊಂಡರು.

"ಹಿಡ್ಕೊಂಡಿದ್ದೇನೆ ಮಾವ."

"ಸುಳ್ಳು ಹೇಳ್ಬೇಡ."

"ಇಲ್ಲ ಮಾವ. ಮೂರು ಸಲ ಮುಟ್ಟಿ ಆಯ್ತು. ನೀವು ಒಳ್ಳೇದಾಗಲಿ ಅನ್ನಲೇ ಇಲ್ಲ. ಅದಕ್ಕೆ ಬಿಡಲಿಲ್ಲ."

ನಾಣಯ್ಯನವರು ಮರದಿಂದ ಕಣ್ಣು ಕಿತ್ತು ಕೆಳಗೆ ನೋಡಿದರು. ಎರಡು ಪಾದಗಳು. ಅವುಗಳ ಮೇಲೆ ಎರಡು ಕೈಗಳು. ಬೆರಳ ತುದಿ ಬಿಳಿಚುವಷ್ಟು ಗಟ್ಟಿಯಾಗಿ ಆ ಕೈಗಳು ಹಿಡಿದಿದ್ದವು. ಯಾರದೋ ಕಾಲನ್ನು ಯಾರೋ ಹಿಡಿದ ಹಾಗೆ ಅವರಿಗೆ ಕಂಡಿತು.

ಇಷ್ಟು ವರ್ಷ ಅವರು ನಂಬಿದ್ದು ಒಂದೇ ಮಾತು: ಗುರುಕಾರೋಣ ಅಡ್ಡ ನಿಂತಿದ್ದಾನೆ, ಏಟು ತನ್ನವರೆಗೆ ಬರಲು ಬಿಡುತ್ತಿಲ್ಲ. ಬೆತ್ತವನ್ನು ತಡೆಯುವ ಹಿರಿಯ ಇರಬಹುದು. ಆದರೆ ಮನೆಯ ಮಗು ಕಾಲಿಗೆ ಬಿದ್ದರೆ ಆ ನಮಸ್ಕಾರವನ್ನೂ ಹೊಸಿಲಲ್ಲೇ ತಡೆದು ನಿಲ್ಲಿಸುವ ಹಿರಿಯ ಯಾವ ಒಕ್ಕದಲ್ಲಿದ್ದಾನೆ? ಡಾಕ್ಟರ ಬಾಟಲಿಗೆ ಜಗ್ಗದ ನಾಣಯ್ಯನವರು ಇಲ್ಲಿ ಜಗ್ಗಿದರು. ನಿಜವಾಗಿಯೂ ಜಗ್ಗಿದರು. ಮೈ ವಾಲಿತು, ಗುರಾಣಿ ಕೈಯಿಂದ ಜಾರಿತು. ಮುತ್ತ ಗಾಬರಿಯಾಗಿ ಎದ್ದು ಮಾವನ ಸೊಂಟವನ್ನು ಅಪ್ಪಿ ಹಿಡಿದ.

"ನನ್ನನ್ನ ಕೂರಿಸು," ಎಂದರು ನಾಣಯ್ಯನವರು.

"ಮಾವ, ಎಲ್ಲರೂ ನೋಡ್ತಾ..."

"ನೋಡಲಿ. ಕೂರಿಸು."

ಮಂದ್‌ನ ನಟ್ಟನಡುವೆ, ಕಲ್ಲುಗಾಲು ನಾಣಯ್ಯ ಹುಲ್ಲಿನ ಮೇಲೆ ಕೂತರು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ತಿರುಗಿಸಿ, ಅಂಗಾಲನ್ನು ಜನರ ಕಡೆಗೆ ತೋರಿಸಿದರು. ಮುಂದಿನ ಸಾಲಿನ ಹೆಂಗಸರು ಮುಖ ತಿರುಗಿಸಿದರು.

"ಇದು ಧೈರ್ಯ ಅಲ್ಲ," ಎಂದರು. "ನನಗೆ ಗೊತ್ತೇ ಆಗೋದಿಲ್ಲ. ಏಟೂ ಗೊತ್ತಾಗೋದಿಲ್ಲ, ಮುಳ್ಳೂ ಗೊತ್ತಾಗೋದಿಲ್ಲ. ಈ ಹುಡುಗ ಕಾಲು ಹಿಡಿದದ್ದೂ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆಯಂತೆ. ಮನೆಯಲ್ಲಿ ಬೀಳ್ತಾ ಇರ್ತೇನೆ. ಗದ್ದೆಯಲ್ಲಿ ಏಡಿ ಹಿಡಿಯೋದು ಅಂತ ಹೇಳಿದ್ದು, ಅದೂ ಬಿದ್ದದ್ದೇ."

ತಕ್ಕರು ಬಾಯಿ ತೆರೆದರು. ಇಷ್ಟು ವರ್ಷದ ಭಾಷಣಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದು ಸಿಕ್ಕಿಕೊಂಡವೋ ಏನೋ, ಮತ್ತೆ ಮುಚ್ಚಿದರು. ಗುಂಪಿನ ಹಿಂದಿನಿಂದ ಒಂದು ದೊಡ್ಡ ದೇಹ ಜನರನ್ನು ಸರಿಸಿಕೊಂಡು ಮುಂದೆ ಬಂತು. ಕುಟ್ಟಪ್ಪ.

"ನಾಣಯ್ಯಣ್ಣ, ಒಂದು ಮಾತು. ಹಾಗಾದ್ರೆ ನಾನು ಸೋತದ್ದು ಎಂತಕ್ಕೆ? ಗೊತ್ತುಂಟಾ, ಅವತ್ತಿನಿಂದ ನನ್ನ ಹೆಂಡತಿ ಊಟಕ್ಕೆ ಬಡಿಸುವಾಗಲೆಲ್ಲ ಅದನ್ನೇ ಹೇಳೋದು. ಟರ್ಕಿಯವನಿಗೆ ಬಗ್ಗದವನು ಬೊಳ್ಳಿಮಾಡಿನವನಿಗೆ ಕುಣಿದ ಅಂತ."

"ನೀನು ಎಲ್ಲಿ ಸೋತೆ ಮಾರಾಯ?" ನಾಣಯ್ಯನವರು ತಲೆಯೆತ್ತಿ ಅವನನ್ನು ನೋಡಿದರು. "ನಿನಗೆ ನೋವಾಯ್ತು. ನೋವಾಗ್ತದೆ ಅಂತ ಗೊತ್ತಿದ್ದೂ ಎದುರು ಬಂದು ನಿಂತೆ. ನಾನು ಎಂತ ಮಾಡಿದ್ದು? ಕಂಬದ ಹಾಗೆ ನಿಂತದ್ದು. ಹೋಗಿ ಹೇಳು ನಿನ್ನ ಹೆಂಡತಿಗೆ, ಆ ವರ್ಷ ಗೆದ್ದದ್ದು ಅವಳ ಗಂಡ ಅಂತ."

ಕುಟ್ಟಪ್ಪ ಅದನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಗೆಲುವು ಅವನಿಗೆ ಬೇಕಾಗಿತ್ತು. ಆದರೆ ಹೀಗೆ ಕೂತಿರುವ ಮನುಷ್ಯನಿಂದ ಅದನ್ನು ತೆಗೆದುಕೊಳ್ಳಲು ಕೈ ಬರಲಿಲ್ಲ.

"ಅದು ಆಮೇಲೆ ನೋಡುವ," ಎಂದ. "ಈಗ ಏಳಿ. ಮುತ್ತ, ನೀನು ಆಚೆ ಹಿಡಿ."

ಇಬ್ಬರ ತೋಳಿನ ಮೇಲೆ ಭಾರ ಬಿಟ್ಟು ನಾಣಯ್ಯನವರು ಎದ್ದರು. ಬಯಲು ಅಷ್ಟೇನೂ ದೊಡ್ಡದಲ್ಲ, ಆದರೆ ಆ ದಿನ ಅದನ್ನು ದಾಟುವುದು ಅವರ ಬಾಳಿನಲ್ಲೇ ಉದ್ದದ ನಡಿಗೆಯಾಯಿತು. ಅರ್ಧದಲ್ಲಿ ನಿಂತು ಮುತ್ತನ ತಲೆಯ ಮೇಲೆ ಕೈಯಿಟ್ಟರು.

"ಒಳ್ಳೇದಾಗಲಿ," ಎಂದರು. "ತಡವಾಯ್ತು."

ಮರುದಿನವೇ ಮೋಟಾರು ಬಸ್ಸಿನಲ್ಲಿ ಅವರನ್ನು ಮಡಿಕೇರಿಗೆ ಕರೆದೊಯ್ದರು. ಎರಡು ಬೆರಳು ಹೋದವು. ಕಾಲು ಉಳಿಯಿತು. ಬೆರಳು ತೆಗೆಯುವಾಗ ಮಂಪರು ಮದ್ದು ಯಾಕೆ, ಹಾಗೇ ಕತ್ತರಿಸಿ, ಮಾತಾಡುತ್ತ ಕೂತಿರುತ್ತೇನೆ ಎಂದು ಅವರು ಜಂಬ ಕೊಚ್ಚಿದರಂತೆ. ವಾರ್ಡಿಗೆ ತಂದ ಮೇಲೆ, ಕಾಲಿನ ಕಡೆ ಹೊದಿಕೆ ತಗ್ಗಾಗಿರುವುದನ್ನು ನೋಡಿ, ಗೋಡೆಗೆ ತಿರುಗಿ ಅತ್ತರು. ಬೊಳ್ಳವ್ವ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು, ಆಮೇಲೆ ಸಿಹಿ ಕೊಡಬಾರದೆಂದು ನೆನಪಾಗಿ, ತಾವೇ ತಿಂದರು.

ಊರಿಗೆ ಬಂದ ಮೇಲೆ ಹೆದರಿಕೆ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಕೊನೆಯವರೆಗೂ ಇತ್ತು. ಬೀಳುವುದೂ ನಿಲ್ಲಲಿಲ್ಲ, ಕಡಿಮೆಯಾಯಿತು ಅಷ್ಟೇ. ಬೆಳಗ್ಗೆ ಬೊಳ್ಳವ್ವ ಅವರ ಅಂಗಾಲನ್ನು ಬಿಸಿಲಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡುತ್ತಿದ್ದರು. ಸ್ನಾನದ ನೀರನ್ನು ಮೊದಲು ತಮ್ಮ ಮೊಣಕೈಯಿಂದ ಮುಟ್ಟಿ ನೋಡಿ ಕೊಡುತ್ತಿದ್ದರು. ದಾರಿಯಲ್ಲಿ ಯಾರು ಸಿಕ್ಕರೂ ನಾಣಯ್ಯನವರು, "ಬಾ, ಸ್ವಲ್ಪ ಕೈ ಕೊಡು," ಎನ್ನುತ್ತಿದ್ದರು. ಕೈ ಕೊಟ್ಟವರಿಗೆ ಮನೆ ಮುಟ್ಟುವವರೆಗೆ ಬಿಡುಗಡೆ ಇರಲಿಲ್ಲ, ಊರಿನ ಸುದ್ದಿಯೆಲ್ಲ ಹೇಳಿ ಕೇಳಿ ಮುಗಿಯಬೇಕಿತ್ತು. ತಂಗಿಯ ಮನೆಗೆ ಹೋಗುವುದು ಮತ್ತೆ ಶುರುವಾಯಿತು, ಮುತ್ತ ಮುಂದೆ, ಅವನ ಹೆಗಲ ಮೇಲೆ ಕೈಯಿಟ್ಟು ಇವರು ಹಿಂದೆ. ತೋಡಿನ ನಡುವೆ ಇವರು ಹೆದರಿ ಬೈದ ಬೈಗುಳ ಎರಡೂ ದಡಕ್ಕೆ ಕೇಳಿಸುತ್ತಿತ್ತು.

ಅವರು ತೀರಿಕೊಂಡದ್ದು ಇನ್ನೊಂದು ಮಹಾಯುದ್ಧ ಮುಗಿದ ಹೊತ್ತಿಗೆ, ಜ್ವರದಿಂದ. ಸಾವಿನ ಮನೆಗೆ ಬಂದವರೆಲ್ಲ ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದರು: ಬಿದ್ದರಾ?

"ಇಲ್ಲ," ಎಂದು ಬೊಳ್ಳವ್ವ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ಬೇಸರಪಡದೆ ಹೇಳಿದರು. "ಎಬ್ಬಿಸಿ ಕೂರಿಸು ಅಂದ್ರು. ಕೂರಿಸಿದೆ. ನನ್ನ ಮೇಲೆ ಒರಗಿಕೊಂಡಿದ್ರು. ನಾನು ಹಿಡಿದೇ ಇದ್ದೆ."